ಆನ್ರಿ ಮೇಲಿನ ಮನಸ್ಸು

ಟೆರೇಸಿಗೆ ಹೋಗಿ ಐದು ನಿಮಿಷ ಮಾತಾಡಿಕೊಂಡು ಬನ್ನಿ ಎಂದು ಹಿರಿಯರು ಇಬ್ಬರನ್ನೂ ಕಳಿಸಿದ್ದರು. ಅದರಲ್ಲಿ ಮೂರು ನಿಮಿಷ ಆಗಲೇ ಕಳೆದುಹೋಗಿತ್ತು.

ಏಕನಾಥಮ್ಮ ಚಾಪೆಯ ಮೇಲೆ ಒಣಹಾಕಿದ್ದ ಹುಣಸೆಹಣ್ಣನ್ನು ನೋಡುತ್ತಿದ್ದಳು. ಹೊಳಲ್ಕೆರೆಯಿಂದ ಹಿರಿಯೂರಿಗೆ ಅವಳನ್ನು ನೋಡಲು ಬಂದ ಚಿತ್ರಲಿಂಗಪ್ಪ ತನ್ನೂರ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಹೊಸ ಶರ್ಟಿನ ಮೇಲೆ ಪ್ಯಾಕೆಟ್ಟಿನ ಮಡಿಕೆ ಗೆರೆಗಳು ಹಾಗೇ ಇದ್ದವು. ಇಸ್ತ್ರಿ ಮಾಡುವಷ್ಟೂ ಪುರುಸೊತ್ತಿಲ್ಲದೆ ಬಂದಿದ್ದಾನೆ ಎನ್ನಿಸಿ ಅವಳಿಗೆ ಒಳಗೊಳಗೇ ನಗು ಬಂತು.

"ರಜಾ ದಿನ ಏನ್ ಮಾಡ್ತೀರಿ?" ಎಂದ.

"ಮ್ಯಾಚ್ ನೋಡ್ತೀನ್ರಿ."

"ಕ್ರಿಕೆಟ್ಟಾ?"

"ಫುಟ್‌ಬಾಲು. ಇಂಗ್ಲೆಂಡಿಂದು."

ಅವನು ಮೊದಲ ಸಲ ಪೂರ್ತಿ ಅವಳ ಕಡೆ ತಿರುಗಿದ. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಕಣ್ಣುಗಳಲ್ಲಿ ಏನೋ ಮಿಂಚಿತು.

"ಹಂಗಾದ್ರೆ ಹೇಳ್ರಿ. ಅಲ್ಲಿ ಇವತ್ತಿನವರ್ಗೂ ಆಡಿದ ಸ್ಟ್ರೈಕರ್‌ಗಳಲ್ಲಿ ಯಾರು ದೊಡ್ಡೋನು?"

"ಅದೂ ಒಂದ್ ಪ್ರಶ್ನೇನಾ? ತಿಯೆರಿ ಆನ್ರಿ."

"ಹೆನ್ರೀನಾ? ಚೆನ್ನಾಗ್ ಆಡ್ತಿದ್ದ, ಇಲ್ಲ ಅನ್ನಲ್ಲ. ಆದ್ರೆ ದೊಡ್ಡೋನು ಶಿಯರರ್. ಇನ್ನೂರ ಅರವತ್ತು ಗೋಲು ಅಂದ್ರೆ ತಮಾಷೆ ಅಲ್ಲ."

"ಹೆನ್ರಿ ಅಲ್ಲ, ಆನ್ರಿ. ಫ್ರೆಂಚ್ ಹೆಸರು. ಮತ್ತೆ ಆ ಇನ್ನೂರ ಅರವತ್ತರಲ್ಲಿ ಐವತ್ತಾರು ಪೆನಾಲ್ಟಿ ಐತೆ. ಅದನ್ನ ಯಾರೂ ಹೇಳಲ್ಲ."

"ಪೆನಾಲ್ಟಿ ಹೊಡೆಯಾಕೂ ಗುಂಡಿಗೆ ಬೇಕ್ರಿ."

"ಬರೀ ಗೋಲು ಎಣಿಸೋದಾದ್ರೆ ಹಳೇ ಕಾಲದ ಗ್ರೀವ್ಸ್ ಅವ್ನೆ. ಮುನ್ನೂರ ಐವತ್ತೇಳು. ನಿಮ್ಮ ಶಿಯರರೂ ಅವನ ಕೆಳಗೇ."

ಸೋಲುವಾಗ ಅವನ ಎಡಗೆನ್ನೆಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ ಎನ್ನುವುದನ್ನು ಅವಳು ಗಮನಿಸಿದಳು.

"ಮ್ಯಾಂಚೆಸ್ಟರ್‌ನೋರು ಕರೆದ್ರೂ ಶಿಯರರ್ ಹೋಗ್ಲಿಲ್ಲ," ಎಂದ ಸಾವರಿಸಿಕೊಂಡು. "ಹುಟ್ಟಿದೂರಿನ ಟೀಮಿಗೇ ಬಂದ."

"ಅದು ಒಳ್ಳೇತನ. ನಾನ್ ಹೇಳ್ತಿರೋದು ಆಟ. ಶಿಯರರ್ ಬಾಲ್ ಬರ್ಲಿ ಅಂತ ಗೋಲಿನ ಮುಂದೆ ಕಾಯ್ತಾನೆ. ಆನ್ರಿ ಅಷ್ಟು ದೂರದಿಂದ ತಾನೇ ತಗಂಡು ಬರ್ತಾನೆ."

ಅವನು ಗೋಡೆಯ ಧೂಳಿನಲ್ಲಿ ಬೆರಳಿನಿಂದ ಗೋಲ್‌ಪೋಸ್ಟ್ ಬರೆದ. ಶಿಯರರ್ ಸುಮ್ಮನೆ ನಿಲ್ಲುತ್ತಿರಲಿಲ್ಲ, ಹಿಂಗೆ ಓಡುತ್ತಿದ್ದ ಎಂದು ಗೆರೆ ಎಳೆದ. ಅವಳು ಅದನ್ನು ಅಂಗೈಯಿಂದ ಒರೆಸಿ ಬೇರೆ ಗೆರೆ ಎಳೆದಳು. ಇಬ್ಬರ ಬೆರಳುಗಳ ನಡುವೆ ಒಂದು ಕಾಳಿನಷ್ಟು ಜಾಗ ಉಳಿದಿತ್ತು. ದನಿ ಎಷ್ಟು ಏರಿದೆ ಎನ್ನುವುದು ಇಬ್ಬರಿಗೂ ಗೊತ್ತಾಗಲಿಲ್ಲ.

"ನೀವ್ ಎಷ್ಟೇ ಹೇಳ್ರಿ, ನನ್ ಮನಸು ಆನ್ರಿ ಮ್ಯಾಲೇ. ಹದಿನೈದನೇ ವಯಸ್ಸಿಂದ. ಯಾರು ಬಂದ್ರೂ ಬದಲಾಗಲ್ಲ."

ಮೆಟ್ಟಿಲ ಬಳಿ ಯಾರೋ ಕೆಮ್ಮಿದರು. ಚಿತ್ರಲಿಂಗಪ್ಪನ ಸೋದರಮಾವ ಪಾಪಣ್ಣ. ಮುಖ ಬಿಗಿದುಕೊಂಡಿತ್ತು.

"ಹೊತ್ತಾತು. ಹೋಗಾಣ ನಡಿ," ಎಂದ.

ಚಿತ್ರಲಿಂಗಪ್ಪ ಫೋನ್ ನಂಬರ್ ಕೇಳಲು ಬಾಯಿ ತೆರೆದಿದ್ದ. ಅದು ಹಾಗೇ ಉಳಿಯಿತು.

ಮಾರನೇ ದಿನ ಪಾಪಣ್ಣ ಫೋನ್ ಮಾಡಿ, ಜಾತಕ ಕೂಡಿ ಬರಲಿಲ್ಲ ಎಂದ. ಅಪ್ಪ ಈರಬಸಪ್ಪ ಆಗಲಿ ಎಂದು ಫೋನ್ ಇಟ್ಟ. ಅಮ್ಮ ತೀರಿದ ಮೇಲೆ ಮನೆ ನೋಡಿಕೊಂಡಿದ್ದ ಸೋದರತ್ತೆ ಗಂಗಕ್ಕ ಮಾತ್ರ ಬಿಡಲಿಲ್ಲ.

"ನೋಡಾಕ್ ಬಂದೋನ್ ಜತಿಗೆ ಬೀದಿಗೆ ಕೇಳೋ ಹಂಗೆ ವಾದಕ್ಕಿಳಿದ್ರೆ ಇನ್ನೇನಾಗ್ತೈತೆ?"

ಅವಳಿಗೂ ಹಾಗೇ ಅನ್ನಿಸಿತು. ಅವನಿಗೆ ತನ್ನ ಮಾತು ಹಿಡಿಸಲಿಲ್ಲ. ಆದರೆ ಆ ಕಣ್ಣು ಹಾಗೆ ಹೇಳಿರಲಿಲ್ಲವಲ್ಲ.

ಮುಂದಿನ ಮೂರು ವಾರ ಅವಳು ಒಂದು ಕಡೆ ಕೂರಲಾಗದೆ ಕಳೆದಳು. ಬಬ್ಬೂರಿನ ಕೃಷಿ ಕೇಂದ್ರದ ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ಅವಳ ಕೆಲಸ. ಹರಿಯಬ್ಬೆಯ ಮಣ್ಣಿಗೆ ಇನ್ನೊಂದೂರಿನ ಚೀಟಿ ಅಂಟಿಸಿ ಬೈಸಿಕೊಂಡಳು. ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದಳು. ಶನಿವಾರ ಸಂಜೆ ಟಿವಿ ಹಾಕಿ ಹತ್ತು ನಿಮಿಷಕ್ಕೆ ಆರಿಸಿದಳು. ಯಾರೋ ಗೋಲು ಹೊಡೆದರೆ, ಇದಕ್ಕೆ ಅವನು ಏನನ್ನುತ್ತಿದ್ದ ಎಂದು ಮನಸ್ಸು ಕೇಳುತ್ತಿತ್ತು. ಉತ್ತರವನ್ನೂ ತಾನೇ ಹೇಳಿಕೊಂಡು, ಅದಕ್ಕೆ ಎದುರುತ್ತರ ಕೊಟ್ಟು, ಕೊನೆಗೆ ಒಬ್ಬಳೇ ಅಂಗಳದಲ್ಲಿ ತಿರುಗಾಡುತ್ತಿದ್ದಳು.

ಹೊಸದುರ್ಗದ ಒಂದು ಮದುವೆಗೆ ಹೋದ ಗಂಗಕ್ಕ ಮಂಕಾಗಿ ಬಂದಳು. ಮರುದಿನ ಶನಿವಾರ, ಬೆಳಿಗ್ಗೆ ಅಪ್ಪ ಮಗಳ ಪಕ್ಕ ಬಂದು ಕುಂತ.

"ಯಾರವ್ವ ಆ ಆನ್ರಿ?"

ಅವಳು ದಿಗ್ಭ್ರಮೆಯಿಂದ ನೋಡಿದಳು.

"ಪಾಪಣ್ಣ ಮೆಟ್ಟಿಲ ಮ್ಯಾಲೆ ನಿಂತು ತಾನೇ ಕೇಳಿದ್ನಂತೆ, ನಿನ್ ಮನಸು ಅವನ ಮ್ಯಾಲೆ ಐತೆ ಅಂತ. ನಿನ್ ಹೆಸರು ಕೆಡಬಾರ್ದು ಅಂತ ನಮಗೆ ಜಾತಕದ ನೆಪ ಹೇಳಿದಾನೆ. ಹುಡುಗನ್ ಹತ್ರ, ಹುಡುಗಿಗೆ ಇಷ್ಟ ಇಲ್ಲಂತೆ ಅಂತಷ್ಟೇ ಹೇಳಿದಾನಂತೆ. ಪಾಪಣ್ಣನ ಹೆಂಡ್ತಿ ಮದುವೇಲಿ ಗಂಗಕ್ಕಂಗೆ ಎಲ್ಲಾ ಬಾಯಿಬಿಟ್ಲು." ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ನಾನ್ ಬೈಯಲ್ಲ. ಯಾವ ಜಾತಿಯೋನಾದ್ರೂ ಆಗ್ಲಿ, ಒಳ್ಳೇನಾಗಿದ್ರೆ ಹೋಗಿ ಮಾತಾಡಾಣ."

ಅವಳಿಗೆ ಮೊದಲು ನಗು ಬಂತು. ನಗುತ್ತಾ ನಗುತ್ತಾ ಅದು ಅಳುವಾಯಿತು. ಫೋನಿನಲ್ಲಿ ಆನ್ರಿಯ ಫೋಟೋ ಹುಡುಕಿ ಅಪ್ಪನ ಕೈಗೆ ಕೊಟ್ಟಳು. ಈರಬಸಪ್ಪ ಬಬ್ಬೂರಿನಲ್ಲೇ ಕೆಲಸ ಮಾಡಿ ರಿಟೈರ್ ಆದವನು. ಕ್ವಾರ್ಟರ್ಸಿನ ಪಕ್ಕದಲ್ಲಿದ್ದ ವಿಜ್ಞಾನಿಯ ಮನೆಯಲ್ಲಿ ಮಗಳು ಕುಂತು ನೋಡುತ್ತಿದ್ದ ಆಟ ಅವನಿಗೆ ನೆನಪಿತ್ತು.

"ಟಿವೀಲಿ ಓಡ್ತಿದ್ನಲ್ಲ, ಇವ್ನಾ?" ಎಂದು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಹಂಗಾದ್ರೆ ಹೊಳಲ್ಕೆರೆ ಹುಡುಗನ್ ಮ್ಯಾಲೆ ನಿಂಗೆ ಮನಸೈತಾ?"

"ಐತಪ್ಪ."

ಜೋರಾಗಿ ಹೇಳಿದ ಮೇಲೆ ಅದು ಎಷ್ಟು ನಿಜ ಎಂದು ಅವಳಿಗೇ ತಿಳಿಯಿತು.

"ಪಾಪಣ್ಣಂಗೆ ಫೋನ್ ಮಾಡ್ತೀನಿ ತಡಿ."

"ಬ್ಯಾಡಪ್ಪ. ನಾನೇ ಹೋಗಿ ಮೇಷ್ಟ್ರಿಗೇ ಹೇಳ್ತೀನಿ."

ಚಿತ್ರದುರ್ಗದಲ್ಲಿ ಬಸ್ ಬದಲಾಯಿಸಿ ಹೊಳಲ್ಕೆರೆ ತಲುಪುವಷ್ಟರಲ್ಲಿ ಅವಳು ಸೀಟಿನಿಂದ ನಾಲ್ಕು ಸಲ ಎದ್ದು ಕುಂತಿದ್ದಳು. ಅರ್ಧ ದಿನದ ಶಾಲೆ ಬಿಟ್ಟಾಗಿತ್ತು. ಖಾಲಿ ಮೈದಾನದಲ್ಲಿ ಚಿತ್ರಲಿಂಗಪ್ಪ ಒಬ್ಬನೇ ಬಗ್ಗಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತಿದ್ದ. ಅವಳನ್ನು ಕಂಡವನೇ ನೆಟ್ಟಗೆ ನಿಂತ. ಗೆರೆ ಸೊಟ್ಟಗಾಯಿತು.

"ನೀವು ಬ್ಯಾಡ ಅಂದ್ರಂತೆ," ಎಂದ.

"ನಿಮ್ಮ ಮಾವ ಆನ್ರಿ ಅಂದ್ರೆ ನಾನು ಲವ್ ಮಾಡಿರೋ ಹುಡುಗ ಅಂದ್ಕಂಡಿದಾರೆ."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ನಗಲಿಲ್ಲ. ಹಾಗೇ ನೆಲದ ಮೇಲೆ ಕುಂತುಬಿಟ್ಟ. ಅವಳೂ ಎದುರಿಗೆ ಕುಂತಳು.

"ಮೂರು ವಾರ, ಹುಡುಗ್ರಿಗೆ ಎಡಕ್ಕೆ ತಿರುಗ್ರಿ ಅನ್ನೋ ಕಡೆ ಬಲಕ್ಕೆ ಅಂತಿದ್ದೀನಿ," ಎಂದ. "ನಿಮ್ಮೂರಿಗೆ ಬರಾಣ ಅಂತ ಎರಡ್ ಸಲ ಬಸ್‌ಸ್ಟ್ಯಾಂಡಿಗೂ ಹೋಗಿದ್ದೆ. ಆನ್ರಿನೇ ದೊಡ್ಡೋನು ಅಂತ ಒಪ್ಕಂಡ್ರೆ ನೀವು ಮನಸು ಬದಲಾಯಿಸ್ತೀರೇನೋ ಅಂತ."

"ಮತ್ಯಾಕ್ ಬರಲಿಲ್ಲ?"

"ಸುಳ್ ಹೇಳಿ ಮದುವೆ ಆಗಬಾರ್ದು ಅನ್ನಿಸ್ತು."

ಬಿಸಿಲಿಗೆ ಅವನ ಹಣೆ ಹೊಳೆಯುತ್ತಿತ್ತು. ಅವಳಿಗೆ ಎದೆಯೊಳಗೆ ಮೂರು ವಾರದಿಂದ ಓಡುತ್ತಿದ್ದದ್ದು ಏನೋ ನಿಂತಂತಾಯಿತು.

"ಒಪ್ಕಂಡು ಬಂದಿದ್ರೆ ನಾನೇ ಬ್ಯಾಡ ಅಂತಿದ್ದೆ," ಎಂದಳು. "ನನ್ನ ಮಾತನ್ನ ಅಷ್ಟು ಗಮನ ಇಟ್ಟು ಕೇಳಿ, ಎದುರು ಮಾತಾಡಿದೋರು ಯಾರೂ ಇರಲಿಲ್ಲ. ನಂಗೆ ನಿಮ್ ಜತೆ ಇನ್ನೂ ಮಾತಾಡಬೇಕು. ತಲೆ ಬೆಳ್ಳಗಾಗೋವರ್ಗೂ."

ಅವನು ಅವಳ ಕೈ ಹಿಡಿದ. ಇಬ್ಬರ ಅಂಗೈಗೂ ಸುಣ್ಣ ಅಂಟಿತು. ಯಾರೂ ಒರೆಸಿಕೊಳ್ಳಲಿಲ್ಲ.

ಪಾಪಣ್ಣನ ಮನೆಗೆ ಹೋಗಿ ಎಲ್ಲ ಹೇಳಿ, ಅವನು ನಾಚಿ ಕೊಟ್ಟ ಕಾಫಿ ಕುಡಿದು, ಇಬ್ಬರೂ ಹಿರಿಯೂರಿಗೆಂದು ಬಸ್‌ಸ್ಟ್ಯಾಂಡಿಗೆ ಬಂದರು. ಅವಳು ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪ, ಸಂಜೆ ಜತೇಲಿ ಬರ್ತಿದೀವಿ."

ಆ ಕಡೆಯಿಂದ ಅಪ್ಪ ಮೂಗೆಳೆದುಕೊಂಡದ್ದು ಕೇಳಿಸಿತು.

"ಎರಡ್ ಮುದ್ದೆ ತಿಂತಾನಾ, ಮೂರಾ? ಗಂಗಕ್ಕ ಕೇಳ್ತಾವ್ಳೆ."