ಇಳಿಜಾರಿನಲ್ಲಿ ಹತ್ತು ನಿಮಿಷ

ಶಿಖರದ ಹವಾಮಾನ ಕೇಂದ್ರದಿಂದ ಕೆಳಗಿನ ಆಸ್ಪತ್ರೆಗೆ ಇಪ್ಪತ್ತೆರಡು ಕಿಲೋಮೀಟರು, ನಲವತ್ತೊಂದು ತಿರುವು. ಜೀಪಿನ ಹಿಂಬದಿಯಲ್ಲಿ ಮಲಗಿದ್ದ ಅಪ್ಪನ ಆಕ್ಸಿಜನ್ ಸಿಲಿಂಡರಿನಲ್ಲಿ ಎಪ್ಪತ್ತು ನಿಮಿಷದ ಉಸಿರಿತ್ತು. ಮೂವತ್ತು ವರ್ಷ ಆ ಕೇಂದ್ರದಲ್ಲಿ ಮೋಡ, ಮಂಜು ಅಳೆಯುತ್ತಾ ಕೂತ ಮನುಷ್ಯನ ಎದೆ ಆ ಮಧ್ಯಾಹ್ನ ಕೈಕೊಟ್ಟಿತ್ತು. ಸ್ಟಿಯರಿಂಗ್ ಹಿಡಿದವಳು ಮಗಳು. ಪಕ್ಕದಲ್ಲಿ ಮೆಕ್ಯಾನಿಕ್ ತಮ್ಮ. ಹಿಂದೆ ಅಪ್ಪನ ನಾಡಿ ಹಿಡಿದ ನರ್ಸ್.

"ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇರಬೇಡ ಅಕ್ಕ," ಎಂದ ತಮ್ಮ. "ಎರಡನೇ ಗೇರಲ್ಲಿ ಇಳಿ. ಒತ್ತಿದ್ರೆ ಒಂದ್ಸಲ ಗಟ್ಟಿಯಾಗಿ ಒತ್ತಿ ಬಿಟ್ಬಿಡು. ಅದಕ್ಕೂ ಗಾಳಿ ಬೇಕು."

"ಗಾಳಿ ಅಪ್ಪನಿಗೆ ಬೇಕು," ಎಂದು ಅವಳು ಮೂರನೇ ಗೇರು ಹಾಕಿದಳು.

ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಾಡುಹಗಲಲ್ಲೂ ರಸ್ತೆ ನಾಲ್ಕು ಮಾರಿಗೇ ಮುಗಿದಂತೆ ಕಾಣುತ್ತಿತ್ತು. ಎಡಕ್ಕೆ ನೀರು ಜಿನುಗುವ ಬಂಡೆ, ಬಲಕ್ಕೆ ಬರೀ ಬಿಳುಪು. ಒಂದು ಹಕ್ಕಿಯ ಸದ್ದೂ ಇಲ್ಲ. ಹತ್ತೊಂಬತ್ತನೇ ತಿರುವು ದಾಟಿ ನೇರ ಇಳಿಜಾರು ಶುರುವಾಗುವಲ್ಲಿ ಒಂದು ವ್ಯಾನು ನಿಂತಿತ್ತು. ದೀಪ ಉರಿಯುತ್ತಿತ್ತು, ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಸುಟ್ಟ ವಾಸನೆ ಜೀಪಿಗೂ ನುಗ್ಗಿತು.

ವ್ಯಾನು ಹಿಂದೆ ಉಳಿಯಿತು. ವಾಸನೆ ಉಳಿಯಲಿಲ್ಲ, ಜೊತೆಗೇ ಬಂತು.

"ಇದು ನಮ್ದು," ಎಂದ ತಮ್ಮ.

ಅವಳು ಒತ್ತಿದಳು. ಪೆಡಲ್ ಮೆತ್ತಗೆ ಒಳಗಿಳಿಯಿತು. ಮತ್ತೆ ಮತ್ತೆ ಒತ್ತಿ, ಗೇರು ಇಳಿಸಿ, ಆ ನೇರ ಇಳಿಜಾರಿನ ಕೊನೆಯಲ್ಲಿದ್ದ ತಿರುವಿಗೆ ಮುಂಚೆ ಹೇಗೋ ನಿಲ್ಲಿಸಿದಳು.

"ಬ್ರೇಕ್ ಆಯಿಲ್ ಕುದ್ದುಹೋಗಿದೆ. ಹತ್ತು ನಿಮಿಷ ಆರ್ಲಿ."

"ಅಪ್ಪನ ಹತ್ತು ನಿಮಿಷ ಕಣೋ."

"ಗೊತ್ತು. ಹ್ಯಾಂಡ್‌ಬ್ರೇಕ್ ಮುಟ್ಬೇಡ, ಗೇರಲ್ಲೇ ಇರ್ಲಿ." ಅವನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ.

ಕಾದ ಚಕ್ರಗಳು ಟಿಕ್ ಟಿಕ್ ಎನ್ನುತ್ತಿದ್ದವು. ನರ್ಸ್ ಸಿಲಿಂಡರಿನ ಮೀಟರಿನ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಎಂಟು ನಿಮಿಷ ಕಳೆದಿರಬೇಕು, ಕೆಳಗಿನ ಮಂಜಿನಿಂದ ಒಬ್ಬ ಮನುಷ್ಯ ಕ್ಯಾನು ಹಿಡಿದು ನಡೆದು ಬಂದ.

"ನೀರು ಸಿಕ್ತು. ವ್ಯಾನಿನ ಚಕ್ರಕ್ಕೆ ಹುಯ್ಯೋಣ ಅಂತ. ನಿಮಗೂ ಬೇಕಾ?"

"ಹುಯ್ಯಬೇಡಿ ಅಣ್ಣಾ, ಕಾದ ಬ್ರೇಕ್ ಡಿಸ್ಕ್ ಬಿರುಕು ಬಿಡುತ್ತೆ," ಎಂದ ತಮ್ಮ. "ವ್ಯಾನು ಹೇಗೆ ನಿಲ್ಸಿದ್ರಿ?"

"ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳ್ದಿದೀನಲ್ಲ."

"ಗೇರಲ್ಲಿ ಬಿಟ್ರಾ? ಕಲ್ಲು ಕೊಟ್ರಾ?"

ಆತ ಇಲ್ಲವೆಂದು ತಲೆಯಾಡಿಸಿದ. ತಮ್ಮ ಥಟ್ಟನೆ ಮೇಲಿನ ರಸ್ತೆಯತ್ತ ತಿರುಗಿದ. ಕಾದು ಹಿಗ್ಗಿದ ಕಬ್ಬಿಣ ಆರಿದಾಗ ಕುಗ್ಗುತ್ತದೆ. ಕಚ್ಚಿ ಹಿಡಿದ ಬ್ರೇಕು ತಾನಾಗಿ ಸಡಿಲವಾಗುತ್ತದೆ.

ಮೇಲಿನಿಂದ ಒದ್ದೆ ರಸ್ತೆಯ ಮೇಲೆ ಟೈರು ಸವರುವ ಸದ್ದು ಕೇಳಿಸಿತು. ಇಂಜಿನ್ನಿನ ಸದ್ದಿಲ್ಲ. ಮಂಜಿನೊಳಗೆ ಎರಡು ಹಳದಿ ದೀಪ ಮೂಡಿದವು.

"ಅಣ್ಣಾ, ಹತ್ತಿ. ಅಕ್ಕ, ಸ್ಟಾರ್ಟ್ ಮಾಡು."

ಕಲ್ಲು ಚಕ್ರಕ್ಕೆ ಕಚ್ಚಿಕೊಂಡಿತ್ತು. ತಮ್ಮ ಒದ್ದ. ಬರಲಿಲ್ಲ. ಮತ್ತೆ ಒದ್ದ. ಕಲ್ಲು ಉರುಳಿತು, ಜೀಪು ಜಿಗಿಯಿತು, ಅವನು ಬಾಗಿಲಿಗೆ ಜೋತುಬಿದ್ದ. ಅವಳು ಮೊದಲ ಗೇರಿನಲ್ಲೇ ತಿರುವು ದಾಟಿಸಿದಳು.

ಅವರು ನಿಂತಿದ್ದ ಜಾಗದ ಮೇಲೇ ವ್ಯಾನು ಹಾದುಹೋಯಿತು. ಚಾಲಕನ ಸೀಟು ಖಾಲಿ, ಬಾಗಿಲು ಬಡಿದುಕೊಳ್ಳುತ್ತಿತ್ತು. ಅದು ತಿರುಗಲಿಲ್ಲ. ನೇರವಾಗಿ ಬಿಳುಪಿನೊಳಗೆ ಹೋಯಿತು. ತುಂಬ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಎಲ್ಲೋ ಆಳದಲ್ಲಿ ಸಣ್ಣದೊಂದು ಸದ್ದಾಯಿತು.

ವ್ಯಾನಿನವನು ಅಪ್ಪನ ಪಾದ ಹಿಡಿದು ಕೂತಿದ್ದ.

ಅವಳು ಎರಡನೇ ಗೇರಿನಲ್ಲೇ ಇಳಿದಳು. "ಒತ್ತು," ಎಂದಾಗ ಒತ್ತಿದಳು. "ಬಿಡು," ಎಂದಾಗ ಬಿಟ್ಟಳು. ಹುಟ್ಟಿದಾಗಿನಿಂದ ತಮ್ಮನ ಮಾತು ಕೇಳದವಳು ಅಂದು ಉಳಿದ ಇಪ್ಪತ್ತೊಂದು ತಿರುವೂ ಕೇಳಿದಳು. ಆಸ್ಪತ್ರೆಯ ಬಾಗಿಲಲ್ಲಿ ಸಿಲಿಂಡರಿನಲ್ಲಿ ಮೂರು ನಿಮಿಷ ಮಿಕ್ಕಿತ್ತು.

ಸಂಜೆ ಒಳಗೆ ಬಿಟ್ಟರು. ಅಪ್ಪ ಮಾಸ್ಕ್ ಸರಿಸಿದ.

"ಮಂಜಿತ್ತಾ?"

"ಇತ್ತಪ್ಪ."

"ಎಷ್ಟು ದೂರ ಕಾಣ್ತಿತ್ತು?"

"ನಾಲ್ಕು ಮಾರು," ಎಂದಳು ಮಗಳು. ಅಷ್ಟು ಹೊತ್ತು ತಡೆದ ಅಳು ಆಗ ಬಂತು.

"ಸರಿಯಾಗಿ ನೋಡಿದೀಯಾ," ಎಂದ ಅಪ್ಪ. ಅವನು ಹಾಗೆ ಯಾರಿಗೂ ಸುಮ್ಮನೆ ಹೇಳುವವನಲ್ಲ.