ಎಪ್ಪತ್ತೆರಡನೆಯ ಚಪ್ಪಾಳೆ

"ಆ ಅಜ್ಜಿಯ ಕೆಮ್ಮನ್ನ ಕತ್ತರಿಸಿದವರು ಯಾರು?"

ಎಡಿಟಿಂಗ್ ಕೋಣೆಯ ಬಾಗಿಲು ದೂಡಿಕೊಂಡು ಬಂದವಳೇ ಅವಳು ಮೊದಲು ಫ್ಯಾನ್ ಆರಿಸಿದಳು. ಸೌಂಡ್ ರೆಕಾರ್ಡಿಸ್ಟ್ ಅಲ್ಲವೇ, ಫ್ಯಾನ್ ಸದ್ದಿನಲ್ಲಿ ಜಗಳ ಆಡುವುದೂ ಅವಳಿಗೆ ಆಗದು!

ಎಡಿಟರ್ ಹೆಡ್‌ಫೋನ್ ಕೆಳಗಿಳಿಸಿ, "ನಾನೇ" ಎಂದ.

"ಈ ಸಾಕ್ಷ್ಯಚಿತ್ರಕ್ಕಂತ ನಾಲ್ಕು ತಿಂಗಳು ಜಾನಪದ ಹಾಡಿನ ಮೇಳಗಳನ್ನ ಸುತ್ತಿ ರೆಕಾರ್ಡ್ ಮಾಡಿದ್ದೀನಿ. ಅಜ್ಜಿ ಕೆಮ್ಮಿ, ನಕ್ಕು, ಮತ್ತೆ ಅದೇ ಸಾಲು ಹಿಡೀತಾರಲ್ಲ... ಹಾಡಿನ ಜೀವಾನೇ ಅದು ಕಣ್ರೀ!"

ಅವನು ಆ ಹಾಡನ್ನು ಮತ್ತೊಮ್ಮೆ ಹಾಕಿ ಕೇಳಿದ. ಬೆವರು ಸುರಿಯುತ್ತಿದ್ದರೂ ಫ್ಯಾನ್ ಹಾಕಲಿಲ್ಲ. "ನೀವು ಹೇಳಿದ್ದೇ ಸರಿ" ಎಂದು ಕೆಮ್ಮನ್ನು ಅದರ ಜಾಗಕ್ಕೆ ಸೇರಿಸಿದ.

ಟೊಂಕ ಕಟ್ಟಿ ಜಗಳಕ್ಕೆ ಬಂದವಳು ತಾನೇ ಹೋಗಿ ಫ್ಯಾನ್ ಹಾಕಿದಳು. 'ಅಯ್ಯೋ, ಇಷ್ಟು ಬೇಗ ಸೋತುಬಿಟ್ಟನಲ್ಲ!'

ಅಂದಿನಿಂದ ಇಲ್ಲದ ನೆಪ ಹುಡುಕಿಕೊಂಡು ಎಡಿಟಿಂಗ್ ಕೋಣೆಗೆ ಹೋಗತೊಡಗಿದಳು. ಅವನೋ, ಪರದೆಗೆ ನೆಟ್ಟ ಕಣ್ಣು ಕೀಳುತ್ತಿರಲಿಲ್ಲ. ಅವನ ಮನಸ್ಸಿನಲ್ಲಿ ತಾನು ಇದ್ದೇನೋ ಇಲ್ಲವೋ... ಅದೊಂದೇ ಅವಳನ್ನು ಕೊರೆಯುತ್ತಿತ್ತು. ಬರುವ ಸೋಮವಾರವಂತೂ ಅವಳು ಬೇರೆ ಚಿತ್ರಕ್ಕೆಂದು ದೂರದ ಊರಿಗೆ ಹೊರಡಬೇಕು.

ಶನಿವಾರ ತಂಡದವರೆಲ್ಲ ಕೂತು ಮೊದಲ ಬಾರಿ ಚಿತ್ರ ನೋಡಿದರು. ಅಜ್ಜಿ ಕೆಮ್ಮಿದರು, ನಕ್ಕರು, ಇನ್ನೇನು ಸಾಲು ಹಿಡಿಯಬೇಕು...

ಪರದೆ ತುಂಬ ಅವಳದೇ ಮುಖ! ಕೆದರಿದ ಕೂದಲು, ಬಾಯಲ್ಲಿ ಬಿಸ್ಕತ್ತು, ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ಕ್ಲಾಪ್ ಬೋರ್ಡ್ ಮೊದಲ ದಿನವೇ ಮುರಿದಿದ್ದರಿಂದ, ದೃಶ್ಯಕ್ಕೂ ಸದ್ದಿಗೂ ತಾಳೆ ಹಾಕಲು ಪ್ರತಿ ಶಾಟ್‌ಗೆ ಮೊದಲು ಅವಳೇ ಚಪ್ಪಾಳೆ ತಟ್ಟುತ್ತಿದ್ದಳು. ತಾಳೆ ಹಾಕಿದ ಮೇಲೆ ಎಡಿಟರ್ ಕತ್ತರಿಸಿ ಎಸೆಯಬೇಕಾದ ತುಣುಕು ಅದು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಕಣ್ಣು ತುಂಬಿತು. ಅಂದು ಕೂಗಾಡಿದ್ದಕ್ಕೆ ಹೀಗೆ ಸೇಡು ತೀರಿಸಿಕೊಂಡನೇ? ದಡದಡನೆ ಎಡಿಟಿಂಗ್ ಕೋಣೆಗೆ ಹೋಗಿ ತನ್ನ ಹೆಡ್‌ಫೋನನ್ನು ಚೀಲಕ್ಕೆ ತುರುಕಿದಳು. ಹಿಂದೆಯೇ ಅವನು ಓಡಿಬಂದ.

"ಬೇಕಂತ ಮಾಡಿದ್ದಲ್ಲ. ತಪ್ಪಾಗಿ ಉಳ್ಕೊಂಡುಬಿಡ್ತು."

"ಒಂದು ಫ್ರೇಮೂ ತಪ್ಪದ ಕೈ, ನನ್ನ ಮಾನ ಕಳೆಯೋಕೆ ಮಾತ್ರ ತಪ್ಪಿತಾ?"

ಅವನು ಕಂಪ್ಯೂಟರಿನಲ್ಲಿ ಒಂದು ಫೈಲ್ ತೆರೆದ. ಚಪ್ಪಾಳೆ. ಮತ್ತೊಂದು ಚಪ್ಪಾಳೆ. ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಒಂದು, ನಿದ್ದೆಗಣ್ಣಲ್ಲಿ ಒಂದು, ಅಜ್ಜಿಯ ಜೊತೆ ನಗುತ್ತಾ ಒಂದು...

"ಎಪ್ಪತ್ತೊಂದಿವೆ. ಒಂದನ್ನೂ ಎಸೆಯೋಕೆ ಮನಸ್ಸು ಬರಲಿಲ್ಲ. ನೀವು ಈ ಬಾಗಿಲು ದೂಡ್ಕೊಂಡು ಬರೋಕೆ ಮುಂಚೆಯಿಂದಾನೂ, ದಿನಾ ಬೆಳಿಗ್ಗೆ ಇವನ್ನ ನೋಡೇ ನಾನು ಕೆಲಸ ಶುರು ಮಾಡೋದು. ನಿನ್ನೆ ಒಂದನ್ನ ಅಜ್ಜಿಯ ಹಾಡಿನ ಪಕ್ಕ ಇಟ್ಕೊಂಡು ನೋಡಿದೆ... ತೆಗೆಯೋದು ಮರೆತೆ."

ಅವನ ಕಿವಿ ಕೆಂಪಾಗಿತ್ತು.

"ಮತ್ತೆ ನಾನು ಪಕ್ಕದಲ್ಲೇ ಕೂತಾಗ ಯಾಕ್ರೀ ತಿರುಗಿ ನೋಡ್ತಿರಲಿಲ್ಲ?"

"ಎದುರಿಗೆ ನೋಡೋಕೆ ಧೈರ್ಯ ಬೇಡ್ವಾ?... ನೀವಂದ್ರೆ ನಂಗೆ ಪ್ರಾಣ."

ಅಳುವೂ ನಗುವೂ ಅವಳಿಗೆ ಒಟ್ಟಿಗೇ ಬಂದವು. ಕಣ್ಣೊರೆಸಿಕೊಂಡು ಗಂಭೀರವಾಗಿ ಹೇಳಿದಳು. "ಫ್ಯಾನ್ ಸದ್ದು ಬಂತು. ಇನ್ನೊಂದ್ಸಲ ಹೇಳಿ."

ಅವನು ಹೋಗಿ ಫ್ಯಾನ್ ಆರಿಸಿ ಬಂದ. ಅವಳು ಅವನ ಮೂಗಿನ ಮುಂದೆಯೇ ಚಪ್ಪಾಳೆ ತಟ್ಟಿದಳು. "ಎಪ್ಪತ್ತೆರಡು! ಹ್ಞೂಂ, ಈಗ."

"ನೀವಂದ್ರೆ ನಂಗೆ ಪ್ರಾಣ."

"ನಂಗೂ ಕಣ್ರೀ... ಆದ್ರೆ ಸೋಮವಾರ ನಾನು ಹೊರಡ್ತೀನಲ್ಲ?"

"ಹೋಗಿ ಬನ್ನಿ," ಎಂದು ಅವನು ಅವಳ ಎರಡೂ ಅಂಗೈಗಳನ್ನು ಹಿಡಿದುಕೊಂಡ. "ಅಲ್ಲಿನ ಚಪ್ಪಾಳೆಗಳನ್ನೂ ನಂಗೇ ಕಳಿಸಿ."