ಇನ್ನೂರ ಹನ್ನೆರಡನೆಯ ರಿವಾಲ್ವರ್

ತಂಗಿ ಸೊಣ್ಣಮ್ಮನ ಬಂದೂಕಿನ ಲೈಸೆನ್ಸ್ ಅರ್ಜಿ ಮೂರನೆಯ ಸಲವೂ ತಿರಸ್ಕಾರವಾಗಿ ಬಂದ ದಿನ ಅಣ್ಣಯ್ಯಪ್ಪ ಕಳ್ಳತನ ಮಾಡುವುದೆಂದು ತೀರ್ಮಾನಿಸಿದ. ಆತುರದ ತೀರ್ಮಾನವಲ್ಲ. ತಮಿಳುನಾಡಿನ ಧರ್ಮಪುರಿ ಸೀಮೆಯ ನಲ್ಲಂಪಳ್ಳಿಯಿಂದ ಆರು ಮೈಲಿ ಒಳಗಿರುವ ಊರಲ್ಲಿ, ತಂಗಿಯ ಮನೆಯ ಜಗಲಿಯ ಮೇಲೆ ಕೂತು, ಆ ತಮಿಳು ಕಾಗದವನ್ನು ಕನ್ನಡದಲ್ಲಿ ಅವಳಿಗೆ ಬಿಡಿಸಿ ಹೇಳುತ್ತಿದ್ದಾಗ ನಿಧಾನವಾಗಿ ಅವನೊಳಗೆ ಗಟ್ಟಿಯಾದದ್ದು.

ಮೊದಲ ಸಲ, ಊರು ಕಾಡಿನ ಅಂಚಿಗಿದೆ, ಈ ಭಾಗದಲ್ಲಿ ಹಿಂದೆ ನಾಡಬಂದೂಕುಗಳ ಹಾವಳಿಯಿತ್ತು, ಹೊಸಬರಿಗೆ ಲೈಸೆನ್ಸ್ ಇಲ್ಲ ಎಂದಿದ್ದರು. ಎರಡನೆಯ ಸಲ, ಕುರಿ ಕಳವು ಪ್ರಾಣಭಯವಲ್ಲ ಎಂದಿದ್ದರು. ಈ ಸಲ, ಅಪಾಯ ಕಂಡುಬಂದಲ್ಲಿ ಅರ್ಜಿದಾರರು ಪೊಲೀಸ್ ಸಹಾಯವಾಣಿಗೆ ಫೋನ್ ಮಾಡಬಹುದು ಎಂದಿದ್ದರು.

"ಕುರಿ ಮೇಯ್ಸೋ ಗುಡ್ಡದಾಗೆ ಸಿಗ್ನಲ್ ಎಲ್ಲೈತಣ್ಣ?" ಎಂದಳು ಸೊಣ್ಣಮ್ಮ.

ಅಣ್ಣಯ್ಯಪ್ಪ ಕಾಗದವನ್ನು ನಾಲ್ಕಾಗಿ ಮಡಿಸಿ ಅವಳ ಕೈಗೆ ಕೊಟ್ಟ. "ಸಾಕು. ಇನ್ನು ಅರ್ಜಿ ಗಿರ್ಜಿ ಅಂತ ಯಾರ ಬಾಗ್ಲಿಗೂ ಓಗ್ಬ್ಯಾಡ. ನಾನಿವ್ನಿ."

ಪ್ರಾಣಭಯವಲ್ಲವಂತೆ. ಹಿಂದಿನ ವರ್ಷ ಆಷಾಢದ ಒಂದು ಮಧ್ಯಾಹ್ನ ಟೆಂಪೋದಲ್ಲಿ ನಾಲ್ವರು ಬಂದು ಹನ್ನೊಂದು ಕುರಿ ಹಾಕಿಕೊಂಡು ಹೊರಟಾಗ ಸೊಣ್ಣಮ್ಮನ ಗಂಡ ಜವರಪ್ಪ ದಾರಿಗೆ ಅಡ್ಡ ನಿಂತಿದ್ದ. ಅವರು ಕಬ್ಬಿಣದ ಸಲಾಕೆಯಿಂದ ತಲೆಗೆ ಹೊಡೆದು, ಅವನನ್ನು ಪಕ್ಕಕ್ಕೆ ಎಳೆದುಹಾಕಿ ಹೋದರು. ಜವರಪ್ಪ ಅಲ್ಲೇ ಪ್ರಾಣ ಬಿಟ್ಟ. ಹಳ್ಳದ ಆಚೆ ದಡದಿಂದ ಸೊಣ್ಣಮ್ಮ ಎಲ್ಲವನ್ನೂ ಕಂಡಿದ್ದಳು. ಇಬ್ಬರನ್ನು ಅವಳೇ ಗುರುತು ಹಿಡಿದಳು. ಇಬ್ಬರೂ ಜಾಮೀನಿನ ಮೇಲೆ ಹೊರಗೆ ಬಂದರು. ಅದರಲ್ಲೊಬ್ಬ ಒಂದು ದಿನ ಅವಳು ಕುರಿ ಮೇಯಿಸುವಲ್ಲಿಗೆ ಬೈಕಿನಲ್ಲಿ ಬಂದು, ಇಂಜಿನ್ ಆರಿಸದೆ, ನಗುತ್ತಲೇ ಕೇಳಿದ್ದ: "ಕೋರ್ಟುಕ್ಕು ವರುವಿಯಾ ಅಕ್ಕಾ?" ಕೋರ್ಟಿಗೆ ಬರ್ತೀಯಾ ಅಕ್ಕಾ ಎಂದು. ಅಷ್ಟೇ ಕೇಳಿ ಹೊರಟುಹೋದ. ಸೊಣ್ಣಮ್ಮ ಮಾರನೆಯ ದಿನವೂ ಅದೇ ಜಾಗಕ್ಕೆ ಕುರಿ ಹೊಡೆದುಕೊಂಡು ಹೋದಳು. ಸಾಕ್ಷಿ ಹೇಳುವುದಿಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಹುಟ್ಟಿದಾಗಿನಿಂದಲೂ ಅವಳು ಹಾಗೇ. ಬಗ್ಗು ಎಂದರೆ ಇನ್ನಷ್ಟು ನೆಟ್ಟಗೆ ನಿಲ್ಲುವವಳು.

ಅಣ್ಣಯ್ಯಪ್ಪ ಸೇಲಂನ ಪೊಲೀಸ್ ಆಯುಧಾಗಾರವೊಂದರಲ್ಲಿ ಆರ್ಮರರ್. ಬಂದೂಕು, ರಿವಾಲ್ವರುಗಳನ್ನು ಬಿಚ್ಚಿ, ಒರೆಸಿ, ರಿಪೇರಿ ಮಾಡಿ, ಎಣಿಸಿ ಬೀಗ ಹಾಕುವುದು ಅವನ ಕೆಲಸ. ಮೂವತ್ನಾಲ್ಕು ವರ್ಷದಲ್ಲಿ ಒಂದು ಸ್ಕ್ರೂ ಕೂಡ ಮನೆಗೆ ಒಯ್ದವನಲ್ಲ. ಸಾವಿರಾರು ಪೊಲೀಸರ ಸೊಂಟಕ್ಕೆ ಆಯುಧ ಕಟ್ಟಿ ಕಳಿಸಿದ್ದ. ಈಗ ಒಡಹುಟ್ಟಿದವಳು ಬರಿ ಕೋಲು ಹಿಡಿದು ಗುಡ್ಡ ಹತ್ತುತ್ತಿದ್ದಳು.

ಅದೇ ತಿಂಗಳು ಆಯುಧಾಗಾರಕ್ಕೆ ಇನ್ನೊಂದು ಆದೇಶ ಬಂದಿತ್ತು. ಹಳೆಯ ರಿವಾಲ್ವರುಗಳನ್ನೆಲ್ಲ ವಾಪಸು ಪಡೆದು ಕರಗಿಸಬೇಕು. ಇನ್ನು ಮುಂದೆ ಎಲ್ಲರಿಗೂ ಪಿಸ್ತೂಲು. ಆದೇಶಕ್ಕೆ ಮುಂಚೆ ಆರ್ಮರರುಗಳ ಅಭಿಪ್ರಾಯವನ್ನೂ ಕೇಳಿದ್ದರು. ಅಣ್ಣಯ್ಯಪ್ಪ ಕೈಬರಹದಲ್ಲಿ ಎರಡು ಹಾಳೆ ಬರೆದುಕೊಟ್ಟಿದ್ದ. ಪಿಸ್ತೂಲಿಗೆ ಗುಂಡು ಜಾಸ್ತಿ ಹಿಡಿಯುತ್ತದೆ, ಒಪ್ಪಿದೆ. ಆದರೆ ಅದಕ್ಕೆ ದಿನಾ ಆರೈಕೆ ಬೇಕು, ಧೂಳು ಕೂತರೆ ಗುಂಡು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ರಿವಾಲ್ವರಿನಲ್ಲಿ ಒಂದು ಗುಂಡು ಹಾರದಿದ್ದರೆ ಇನ್ನೊಮ್ಮೆ ಒತ್ತಿದರಾಯಿತು, ಮುಂದಿನದು ತಾನಾಗಿ ಬರುತ್ತದೆ. ಒಂಟಿಯಾಗಿ ಇರುವವರಿಗೆ, ಅಭ್ಯಾಸ ಕಡಿಮೆ ಇರುವವರಿಗೆ ರಿವಾಲ್ವರೇ ವಾಸಿ. ಸಭೆಯಲ್ಲಿ ಒಬ್ಬ ಎಳೆಯ ಅಧಿಕಾರಿ ಆ ಹಾಳೆಗಳನ್ನು ತಿರುವಿಹಾಕಿ, "ಅಯ್ಯಾ, ಇದೆಲ್ಲ ಮ್ಯೂಸಿಯಂ ಪೀಸು" ಎಂದು ನಕ್ಕಿದ್ದ. ಸುತ್ತ ಇದ್ದವರೂ ನಕ್ಕರು. ಅಣ್ಣಯ್ಯಪ್ಪ ಸೆಲ್ಯೂಟ್ ಹೊಡೆದು ಹೊರಗೆ ಬಂದಿದ್ದ.

ಮ್ಯೂಸಿಯಂ ಪೀಸಾದರೆ ಒಂದನ್ನು ತಾನು ತೆಗೆದುಕೊಂಡರೆ ಇವರಿಗೇನು ನಷ್ಟ?

ಕರಗಿಸಲು ಒಟ್ಟು ಇನ್ನೂರ ಹನ್ನೆರಡು ರಿವಾಲ್ವರುಗಳು ಹೋಗಬೇಕಿತ್ತು. ಒಂದು ಕಡಿಮೆಯಾದರೂ ಇಡೀ ಇಲಾಖೆ ಎದ್ದು ಕೂರುತ್ತದೆ. ಹಾಗಾದರೆ ಕಡಿಮೆಯಾಗಬಾರದು. ಅವನ ಯೋಜನೆಯೆಲ್ಲ ನಿಂತದ್ದು ಈ ಒಂದು ಮಾತಿನ ಮೇಲೆ. ಎಂಟು ತಿಂಗಳು, ದಿನಕ್ಕೆ ಅರ್ಧ ಗಂಟೆ, ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ, ಗುಜರಿ ಡಬ್ಬಿಯ ಮುರಿದ, ಸವೆದ ಭಾಗಗಳನ್ನು ಆರಿಸಿ ಅವನು ಇನ್ನೊಂದು ರಿವಾಲ್ವರ್ ಮಾಡಿದ. ಅದು ಯಾವತ್ತೂ ಗುಂಡು ಹಾರಿಸುತ್ತಿರಲಿಲ್ಲ. ಹಾರಿಸಬೇಕಾಗಿಯೂ ಇರಲಿಲ್ಲ. ನೋಡಲು ರಿವಾಲ್ವರಿನಂತಿದ್ದು, ಕೈಗೆ ಅಷ್ಟೇ ಭಾರ ಸಿಕ್ಕಿ, ಕುಲುಮೆಯಲ್ಲಿ ಕರಗಿದರೆ ಸಾಕಾಗಿತ್ತು. ಕರಗಿಸಲು ಹೋಗಬೇಕಿದ್ದವುಗಳಲ್ಲಿ ಚೆನ್ನಾಗಿದ್ದ ಒಂದನ್ನು ಆರಿಸಿ ಬಚ್ಚಿಟ್ಟು, ಅದರ ನಂಬರನ್ನೇ ಈ ನಕಲಿಯ ಮೇಲೂ ಒತ್ತಿದ.

ನಿಜವಾದದ್ದರ ನಂಬರನ್ನು ಉಜ್ಜಿ ಅಳಿಸಬೇಕೇ ಎಂದು ಎರಡು ದಿನ ಯೋಚಿಸಿ, ಬೇಡವೆಂದುಕೊಂಡ. ಸರ್ಕಾರವೇ ಕರಗಿಸಿ, ಸರ್ಕಾರವೇ ರುಜು ಹಾಕಿದ ರಿವಾಲ್ವರಿನ ನಂಬರನ್ನು ಯಾರು ಹುಡುಕುತ್ತಾರೆ? ಬೇರೆ ಕಳ್ಳರು ಸಾಕ್ಷಿ ಅಳಿಸಲು ಒದ್ದಾಡುತ್ತಾರೆ. ಇಲ್ಲಿ ಸಾಕ್ಷಿಯನ್ನು ಬೆಂಕಿಗೆ ಹಾಕುವ ಕೆಲಸವನ್ನು ಇಲಾಖೆಯೇ ಮಾಡಿಕೊಡುತ್ತಿತ್ತು. ಇದನ್ನು ನೆನೆದಾಗಲೆಲ್ಲ ಅವನಿಗೆ ಒಳಗೇ ನಗು ಬರುತ್ತಿತ್ತು.

ಪರಿಶೀಲನೆಗೆ ಮೂವರು ಬಂದರು. ಒಂದೊಂದನ್ನೂ ಎತ್ತಿ ನಂಬರ್ ಓದಿದರು, ಪಟ್ಟಿಯಲ್ಲಿ ಗೀಟು ಹಾಕಿದರು. ಅವನ ಕೈಕೆಲಸ ನೂರ ನಲವತ್ತನೆಯದಾಗಿ ಬಂತು. ಓದಿದವನು ಆಗಲೇ ಬೇಸತ್ತಿದ್ದ. "ತುಕ್ಕು" ಎಂದು ಗೊಣಗಿ ಪೆಟ್ಟಿಗೆಗೆ ಹಾಕಿದ. ಅಣ್ಣಯ್ಯಪ್ಪ ಪಕ್ಕದಲ್ಲಿ ನಿಂತು ಕೈ ಒರೆಸಲು ಬಟ್ಟೆ ಕೊಟ್ಟ. ಪೆಟ್ಟಿಗೆಗಳಿಗೆ ಅರಗಿನ ಮುದ್ರೆ ಬಿತ್ತು.

ಆ ಶನಿವಾರ ಹಾಡುಹಗಲೇ, ಊಟದ ಕ್ಯಾರಿಯರಿನ ಕೆಳಡಬ್ಬಿಯಲ್ಲಿ ರಿವಾಲ್ವರ್ ಮತ್ತು ಪರೀಕ್ಷೆಗೆ ಹಾರಿಸಿದ ಲೆಕ್ಕ ತೋರಿಸಿ ಉಳಿಸಿಕೊಂಡ ಆರು ಗುಂಡು, ಮೇಲ್ಡಬ್ಬಿಯಲ್ಲಿ ಹುಳಿಯನ್ನ ಇಟ್ಟುಕೊಂಡು ಅವನು ಗೇಟು ದಾಟಿದ. ಕಾವಲಿನವನು ಎದ್ದು ಸೆಲ್ಯೂಟ್ ಹೊಡೆದ. ಧರ್ಮಪುರಿ ಬಸ್ಸು ತೊಪ್ಪೂರು ಘಾಟಿನಲ್ಲಿ ಲಾರಿಗಳ ಹಿಂದೆ ತೆವಳುತ್ತಿದ್ದಾಗ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಒಂದಿಷ್ಟು ನಿದ್ದೆಯನ್ನೂ ಮಾಡಿದ. ತಪ್ಪು ಮಾಡಿದವನಿಗಲ್ಲವೇ ಭಯ?

ಮನೆಯಲ್ಲಿ ಸೊಣ್ಣಮ್ಮ ಒಬ್ಬಳೇ ಇದ್ದಳು. ಮಗಳು ಭಾಗ್ಯಲಕ್ಷ್ಮಿ ಧರ್ಮಪುರಿಯ ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಅಣ್ಣಯ್ಯಪ್ಪ ಬಾಗಿಲು ಮುಂದೆ ಮಾಡಿ, ಡಬ್ಬಿ ಬಿಚ್ಚಿ, ರಿವಾಲ್ವರನ್ನು ಒರೆಸಿ ಅವಳ ಅಂಗೈಗಿಟ್ಟ.

ಸೊಣ್ಣಮ್ಮ ಅದನ್ನು ಕುರಿಮರಿಯ ತೂಕ ನೋಡುವಂತೆ ಮೇಲೆ ಕೆಳಗೆ ಆಡಿಸಿದಳು. "ಇದು ಪೋಲೀಸ್ನೋರ್ದು ಅಲ್ವಾ?"

"ಅವ್ರಿಗೆ ಬ್ಯಾಡಂತೆ."

"ಕಾಯಿದೆ ಒಪ್ತದಾ ಅಣ್ಣ?"

"ಕಾಯಿದೆ ನಿನ್ ಗಂಡನ್ನ ಕಾಯ್ತಾ?"

ಅವಳು ರಿವಾಲ್ವರನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಆಮೇಲೆ, "ಎಂಗೆ ಇಡ್ಕೋಬೇಕು, ತೋರ್ಸು" ಎಂದಳು.

ಖಾಲಿ ರಿವಾಲ್ವರಿನಲ್ಲಿ ಸಾಯಂಕಾಲದವರೆಗೂ ಕಲಿಸಿದ. ಉಣ್ಣೆ ಕತ್ತರಿಸಿ ಗಟ್ಟಿಯಾದ ಕೈ. ಹೊಸದಾಗಿ ಸೇರಿದ ಪೊಲೀಸರಿಗಿಂತ ಬೇಗ ಕಲಿತಳು. ಹೊರಡುವ ಮುಂಚೆ ಆರು ಗುಂಡುಗಳನ್ನೂ ತುಂಬಿ, ಜವರಪ್ಪನ ಕಂಬಳಿಯಲ್ಲಿ ಸುತ್ತಿ, ಒಳಮನೆಯ ಕಬ್ಬಿಣದ ಟ್ರಂಕಿನಲ್ಲಿಟ್ಟ.

"ಗುಂಡು ಇರ್ಲಿ. ಖಾಲಿ ಆದ್ರೆ ಬರೀ ಕಬ್ಬಿಣ. ಆದ್ರೆ ಅಲ್ಲಿ ಕರಗ್ಸೋ ಕೆಲ್ಸ ಮುಗಿಯೋಗಂಟ ಇದ್ನ ಮುಟ್ಬ್ಯಾಡ. ನಾನೇ ಬಂದು ಯೋಳ್ತೀನಿ. ಯಾರ್ಗೂ ಬಾಯಿ ಬಿಡ್ಬ್ಯಾಡ. ಭಾಗ್ಯಂಗೂ."

"ಅವ್ಳಿಗ್ಯಾಕೆ?"

"ಗೊತ್ತಿಲ್ದೋರ್ನ ಯಾರೂ ಕೇಳಕ್ಕಾಗಲ್ಲ. ಅದ್ಕೆ."

ಮೂರು ವಾರದ ನಂತರ ಪೆಟ್ಟಿಗೆಗಳು ಲಾರಿಯಲ್ಲಿ ಶಂಕಗಿರಿಯ ಕಡೆಯ ಕುಲುಮೆಯೊಂದಕ್ಕೆ ಹೋದವು. ಆರ್ಮರರ್ ಆಗಿ ಅಣ್ಣಯ್ಯಪ್ಪನೂ ಜೊತೆಗಿದ್ದ. ಅರಗು ಒಡೆದು, ಒಬ್ಬ ಇನ್ಸ್‌ಪೆಕ್ಟರ್ ಗಟ್ಟಿಯಾಗಿ ಎಣಿಸುತ್ತಿದ್ದಂತೆ ಒಂದೊಂದೇ ಬೆಂಕಿಗೆ ಬಿದ್ದವು. ತಾನು ಎಣ್ಣೆ ಹಾಕಿ ಸಾಕಿದ ಆಯುಧಗಳು ಕೆಂಪಾಗಿ, ಬಿಳುಪಾಗಿ, ಆಕಾರ ಕಳೆದುಕೊಳ್ಳುವುದನ್ನು ನೋಡುತ್ತ ಅವನು ಅಟೆನ್ಷನ್ನಿನಲ್ಲಿ ನಿಂತ. ಆ ದುಃಖ ನಿಜವಾಗಿತ್ತು. "ಇನ್ನೂರ ಹನ್ನೆರಡು" ಎಂದ ಇನ್ಸ್‌ಪೆಕ್ಟರ್. ಎಲ್ಲರೂ ರುಜು ಹಾಕಿದರು. ಅಣ್ಣಯ್ಯಪ್ಪನದು ಕೊನೆಯ ರುಜು. ಪೆನ್ನಿನ ಟೋಪಿ ಮುಚ್ಚುವಾಗ, ಅಂದು ಸಭೆಯಲ್ಲಿ ನಕ್ಕವರ ಮುಖಗಳನ್ನೆಲ್ಲ ಅವನು ಒಂದೊಂದಾಗಿ ನೆನೆಸಿಕೊಂಡ.

ಮರುದಿನ ಭಾನುವಾರ ಬೆಳಗಿನ ಬಸ್ಸಿಗೇ ತಂಗಿಯ ಮನೆಗೆ ಹೊರಟ. ಮುಂದಿನ ವಾರ ಕೋರ್ಟಿನಲ್ಲಿ ಅವಳ ಸಾಕ್ಷಿ ಇತ್ತು. ನಾಳೆಯಿಂದ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಗುಡ್ಡಕ್ಕೆ ಹೋಗು ಎಂದು ಹೇಳಬೇಕಿತ್ತು. ಹೋದಾಗ ಸೊಣ್ಣಮ್ಮ ಆಗಲೇ ಕುರಿ ಹೊಡೆದುಕೊಂಡು ಹೋಗಿಯಾಗಿತ್ತು. ರಜೆಗೆ ಬಂದಿದ್ದ ಭಾಗ್ಯಲಕ್ಷ್ಮಿ ಮಾವನಿಗೆ ಕಾಫಿ ಕೊಟ್ಟಳು. ಅವಳ ಮುಖದಲ್ಲಿ ಏನನ್ನೋ ಬಚ್ಚಿಟ್ಟುಕೊಂಡ ಖುಷಿಯಿತ್ತು. ಪರೀಕ್ಷೆ ಪಾಸಾಗಿರಬೇಕು ಎಂದುಕೊಂಡ.

ಕಾಫಿ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಪೊಲೀಸ್ ಬೈಕು ನಿಂತಿತು. ಇಳಿದವನು ಆ ಭಾಗದ ಸಬ್ ಇನ್ಸ್‌ಪೆಕ್ಟರ್ ನಾಗರಾಜನ್. ಕಂಕುಳಲ್ಲಿ ಒಂದು ಫೈಲು. ಅಣ್ಣಯ್ಯಪ್ಪ ಲೋಟ ಕೆಳಗಿಟ್ಟು ಎದ್ದ, ಮತ್ತೆ ಕೂತ. ಕೋರ್ಟಿನ ಸಮನ್ಸ್ ಇರಬೇಕು. ಬೇರೇನು ಇರಲು ಸಾಧ್ಯ? ಇರಬಹುದಾದದ್ದೆಲ್ಲ ನಿನ್ನೆ ಮಧ್ಯಾಹ್ನವೇ ಕರಗಿ ಹೋಗಿತ್ತು.

ನಾಗರಾಜನ್ ಅವನನ್ನು ಕಂಡು ಮುಖವರಳಿಸಿದ. "ಅಯ್ಯಾ, ನೀಂಗಳಾ!" ಎಂದ, ನೀವೇನಾ ಎಂಬಂತೆ. ಟ್ರೈನಿಂಗಿನಲ್ಲಿ ರಿವಾಲ್ವರ್ ಬಿಚ್ಚಿ ಜೋಡಿಸುವುದನ್ನು ಕಲಿತದ್ದು ಇವರ ಹತ್ತಿರವೇ ಎಂದು ಭಾಗ್ಯಳಿಗೆ ತಮಿಳಿನಲ್ಲಿ ಹೇಳಿ ಜಗಲಿಯ ಮೇಲೆ ಕೂತ.

"ಕೂರಪ್ಪ, ಕೂರು" ಎಂದ ಅಣ್ಣಯ್ಯಪ್ಪ. ಅವನಿಗೆ ಧೈರ್ಯ ಉಕ್ಕಿ ಬಂತು. ಸುಮ್ಮನಿರಲಾಗಲಿಲ್ಲ. "ಮೂರು ಸಲ ಕೇಳಿದಳು ನನ್ನ ತಂಗಿ. ಮೂರು ಸಲವೂ ನಿಮ್ಮೋರು ಇಲ್ಲ ಅಂದ್ರು. ಪರವಾಗಿಲ್ಲ. ನಿಮ್ಮ ದಯೆ ಬೇಡ ನಮಗೆ. ನಮ್ಮನ್ನ ನಾವು ನೋಡ್ಕೋತೀವಿ" ಎಂದು ತಮಿಳಿನಲ್ಲೇ ಅಂದು ನಕ್ಕ.

ನಾಗರಾಜನ್ ಕೂಡ ನಕ್ಕ. ಆ ಮಾತು ಹೇಳುವುದಕ್ಕೇ ಬಂದೆ ಅಯ್ಯಾ ಎಂದು ಫೈಲು ಬಿಚ್ಚಿದ. "ಮಾವ, ನಾನು ನಿಂಗೆ ಯೋಳಿರ್ಲಿಲ್ಲ. ಬೈತೀಯ ಅಂತ" ಎಂದು ಭಾಗ್ಯ ನಾಚಿಕೊಂಡು ಒಳಗೆ ಹೋದಳು. ತಿರಸ್ಕಾರದ ಆ ಮೂರನೆಯ ಕಾಗದವನ್ನು ಅಣ್ಣಯ್ಯಪ್ಪ ಕಾರಣದವರೆಗೆ ಮಾತ್ರ ಓದಿ ಮಡಿಸಿ ಕೊಟ್ಟಿದ್ದ. ಅವನು ಓದದೆ ಬಿಟ್ಟ ಸಣ್ಣ ಅಕ್ಷರದ ಕೊನೆಯ ಸಾಲನ್ನು ಭಾಗ್ಯ ಓದಿದ್ದಳು: ಈ ಆದೇಶದ ವಿರುದ್ಧ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಸ್ಕಾಲರ್‌ಶಿಪ್ ಕಾಗದಗಳ ನಡುವೆ ಮೇಲ್ಮನವಿಯನ್ನಿಟ್ಟು, ಅಮ್ಮನಿಗೂ ಹೇಳದೆ ಅವಳ ರುಜು ಹಾಕಿಸಿ, ಅವಳು ಚೆನ್ನೈಗೆ ಕಳಿಸಿದ್ದಳು. ಹತ್ತು ತಿಂಗಳ ನಂತರ ಅದು ಮಂಜೂರಾಗಿ ಬಂದಿತ್ತು. ಇನ್ನು ಒಂದೇ ಒಂದು ಕಲಂ ಬಾಕಿ: ಮನೆಯಲ್ಲಿ ಬಂದೂಕು ಇಡಲು ಬೀಗವಿರುವ ಭದ್ರವಾದ ಪೆಟ್ಟಿಗೆ ಇದೆಯೇ, ಪೊಲೀಸರು ಕಣ್ಣಾರೆ ಕಂಡು ಬರೆಯಬೇಕು. ಅಮ್ಮ ಬರಲಿ, ಬೀಗದ ಕೈ ಅವಳ ಹತ್ತಿರ ಇದೆ ಎನ್ನಲು ಅಣ್ಣಯ್ಯಪ್ಪ ಬಾಯಿ ತೆರೆಯುವಷ್ಟರಲ್ಲಿ ಗೂಡಿನಿಂದ ಕೀಲಿ ತೆಗೆದ ಸದ್ದು, ಟ್ರಂಕಿನ ಮುಚ್ಚಳ ಎತ್ತಿದ ಸದ್ದು ಎರಡೂ ಕೇಳಿದವು. ನಾಗರಾಜನ್ ಎದ್ದು ಹೊಸ್ತಿಲಲ್ಲಿ ನಿಂತ. ಪೆಟ್ಟಿಗೆ ಖಾಲಿ ಮಾಡಿ ತೋರಿಸೋಣವೆಂದು ಭಾಗ್ಯ ಅಪ್ಪನ ಕಂಬಳಿಯನ್ನು ಎತ್ತಿದಳು. ಭಾರಕ್ಕೆ ಅಚ್ಚರಿಪಟ್ಟು ಬಿಡಿಸಿದಳು. ಒಳಗಿದ್ದುದನ್ನು ಏನೆಂದು ತಿಳಿಯದೆ ಕೈಯಲ್ಲಿ ಹಿಡಿದು, ತನ್ನ ಮುಖದ ಕಡೆಗೇ ತಿರುಗಿಸಿ ನೋಡಿದಳು. ಅಣ್ಣಯ್ಯಪ್ಪ ಸುಮ್ಮನಿರಬಹುದಿತ್ತು. ನನಗೇನೂ ಗೊತ್ತಿಲ್ಲ ಎನ್ನಲು ಅವನಿಗೆ ಇನ್ನೂ ಅವಕಾಶವಿತ್ತು. ಆದರೆ ಮೂವತ್ನಾಲ್ಕು ವರ್ಷ ಎಳೆಯರಿಗೆ ಕೂಗಿ ಹೇಳಿದ ಗಂಟಲು ಅವನ ಅಪ್ಪಣೆಗೆ ಕಾಯಲಿಲ್ಲ. "ಬೆರಳು ತಗಿ ಭಾಗ್ಯಾ! ನೆಲಕ್ಕೆ ತಿರುಗ್ಸು! ನಾನು ಆರೂ ಗುಂಡು ತುಂಬಿವ್ನಿ!"